ಏಳನೆಯ ತೊಲೆ

"ಇದು ಹದಿನಾರನೆಯ ಶತಮಾನದ ಬಡಗಿ ಕೊರೆದ ಗುರುತು," ಎಂದ ವೈಶಾಲಿಯ ಬಾಸ್ ಹೆಂಕ್, ಓಕ್ ತೊಲೆಯ ತುದಿಯ ಮೇಲೆ ಬೆರಳಾಡಿಸುತ್ತ. ಪರಂಪರೆ ಸಮಿತಿಯ ಅಧ್ಯಕ್ಷೆ ಅದನ್ನು ಬರೆದುಕೊಂಡು ಮುಗಿಸುವವರೆಗೂ ವೈಶಾಲಿ ಕಾದಳು.

ನೆದರ್ಲೆಂಡ್ಸಿನ ಡೆವೆಂಟರಿನ ಈ ಮರದ ಚೌಕಟ್ಟಿನ ಮನೆಯನ್ನು ಒಂದೊಂದೇ ತೊಲೆ ಬಿಚ್ಚಿ, ಹುಳ ತಿಂದ ತುದಿಗಳಿಗೆ ಹೊಸ ಓಕ್ ಕೂಡಿಸಿ ಮತ್ತೆ ನಿಲ್ಲಿಸಿದವಳು ಅವಳು. ಎಂಟು ತಿಂಗಳಲ್ಲಿ ಹೆಂಕ್ ಬಂದದ್ದು ಎರಡೇ ಸಲ, ಅದೂ ಫೋಟೋ ತೆಗೆಸಿಕೊಳ್ಳಲು. ಸಮಿತಿಗೆ ಕೊಟ್ಟ ವರದಿಯಲ್ಲಿ ಮಾತ್ರ ಅವನದೊಂದೇ ಹೆಸರು. ಕೇಳಿದ್ದಕ್ಕೆ, "ನೀನು ಬರೀ ಸಹಾಯಕಿ," ಎಂದಿದ್ದ.

ಗದಗಿನಿಂದ ಬಂದಿದ್ದ ತಾಯಿ ಬಸಲಿಂಗವ್ವನನ್ನು ಅವಳು ಮುಂದಕ್ಕೆ ಕರೆದಳು. "ಅವ್ವಾ, ಇಲ್ಲೇನೈತಿ, ಎಲ್ಲಾರಿಗೂ ಕೇಳೂ ಹಂಗ ಓದಬೇ."

ಬಸಲಿಂಗವ್ವ ಕನ್ನಡಕ ಏರಿಸಿದಳು. "ಕನ್ನಡ ಅಂಕಿ ಏಳು ಅಲ್ಲೇನ? ನಿನ್ನ ಕೈ ಅಕ್ಷರನ ಐತಲ್ಲ! ಸಾಲ್ಯಾಗೂ ಹಿಂಗ ಸೊಟ್ಟ ಬಾಲ ಎಳೀತಿದ್ದಿ."

ವೈಶಾಲಿ ಅದನ್ನು ಡಚ್ಚಿನಲ್ಲಿ ಹೇಳಿದಳು, ನಿಧಾನವಾಗಿ, ಒಂದಕ್ಷರ ಬಿಡದೆ. ಅಧ್ಯಕ್ಷೆ ಬರೆದದ್ದನ್ನು ಹೊಡೆದುಹಾಕಿದರು. ಹೆಂಕ್‌ನ ಬೆರಳು ಇನ್ನೂ ತೊಲೆಗೇ ಅಂಟಿಕೊಂಡಿತ್ತು.

"ಪ್ರತಿ ತೊಲೆಯನ್ನೂ ತಾವೇ ಜೋಡಿಸಿದ್ದು ಅಂತ ಹೆಂಕ್ ವರದಿಯಲ್ಲಿ ಬರೆದಿದ್ದಾರಲ್ಲ ಮೇಡಂ," ಎಂದಳು ವೈಶಾಲಿ. "ಬಿಚ್ಚುವಾಗ ಎಲ್ಲ ತೊಲೆಗೂ ಹೀಗೇ ಅಂಕಿ ಕೊರೆದಿದ್ದೇನೆ. ಎಂಟನೆಯದು ಎಲ್ಲಿದೆ, ತೋರಿಸೋಕೆ ಹೇಳಿ."