ಉಳಿದ ಚಿಕಿತ್ಸೆ

ಗಂಡ ವೀರೇಶ ತೀರಿಕೊಂಡು ಅವನ ದಿನಕರ್ಮ ಮುಗಿದ ಮೇಲೆ, ಎಲ್ಲರಂತೆ ನಾನೂ ಮಗಳು ಶಾಂಭವಿಯನ್ನು ಕರೆದುಕೊಂಡು ಆಸ್ಪತ್ರೆಯ ದಾಖಲೆ ಕೌಂಟರಿಗೆ ಹೋದೆ. ದೇಶದ ಆಸ್ಪತ್ರೆಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ, ಶುರುವಾದ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಸತ್ತವರದನ್ನು ಮನೆಯವರಲ್ಲಿ ಒಬ್ಬರು ತಮ್ಮ ಮೈಗೆ ತೆಗೆದುಕೊಂಡು ಮುಗಿಸಬೇಕು. ವೀರೇಶನ ಕೀಮೋ ಇನ್ನೂ ಉಳಿದಿತ್ತು.

"ನನ್ನ ಹೆಸರಿಗೆ ಹಾಕ್ರಿ" ಎಂದೆ.

ಕೌಂಟರಿನ ಹುಡುಗಿ ಪರದೆ ನೋಡಿದಳು. "ನಿಮಗ ಆಗ್ಲೇ ನಿಮ್ಮ ಅತ್ತಿಯವರ ಡಯಾಲಿಸಿಸ್ ನಡದೈತಲ್ರಿ ಅಕ್ಕಾರ. ಒಬ್ಬರಿಗೆ ಒಂದ ಬ್ಯಾನಿ. ರೇಷನ್ ಇದ್ದಂಗ, ಎರಡು ಕೊಡಾಕ ಬರಂಗಿಲ್ಲ." ನಕ್ಕು, ಮಗಳ ಕಡೆ ತಿರುಗಿದಳು. "ಈಕಿದು ಖಾಲಿ ಐತಿ. ಸಣ್ಣವರಿಗೆ ಅರ್ಧ ಡೋಸ್ ಅಷ್ಟರೀ. ಹೆಬ್ಬಟ್ಟು ಇಡಸ್ರಿ."

"ಆಕಿಗೆ ಏನೂ ಆಗಿಲ್ರಿ."

"ನಿಮ್ಮ ಕಿಡ್ನಿಗೂ ಏನೂ ಆಗಿದ್ದಿಲ್ಲಲ್ರಿ."

"ಅಪ್ಪನಂಗ ನನ್ನ ಕೂದಲಾನೂ ಉದರತಾವೇನವ್ವಾ?" ಶಾಂಭವಿ ಕೇಳಿದಳು. ನಾನು ಅವಳ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸಾಲಿನಲ್ಲಿ ನಮ್ಮ ಹಿಂದಿದ್ದ ಮುದುಕಿ ನನ್ನ ಬೆನ್ನು ಸವರಿದಳು. "ಅಳಬ್ಯಾಡ ತಂಗಿ, ನಮ್ಮ ಮೊಮ್ಮಗಂದೂ ಹಿಂಗ ಆತು" ಎಂದಳು. ನಾನು ಅಳುತ್ತಿರಲಿಲ್ಲ. ಅವಳು ಸಮಾಧಾನ ಹೇಳುತ್ತಲೇ, ಮಗಳ ಕೈ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.