ಗೂಡಿನ ಕೆಳಗಿನ ಡಬ್ಬಿ

ಬಂಡೆಯ ಸಂದಿನಲ್ಲಿದ್ದ ಗೂಬೆಮರಿಗಳೆರಡೂ ಕಾಣೆಯಾಗಿದ್ದವು. ತಾಯಿಗೂಬೆ ಹಾಡಹಗಲಲ್ಲೇ ಎದುರಿನ ಕಲ್ಲಿನ ಮೇಲೆ ಕೂತು ಬರಿದಾದ ಗೂಡನ್ನೇ ನೋಡುತ್ತಿತ್ತು. ಮರಿಗಳನ್ನು ನೋಡಲು ಬಂದಿದ್ದ ಮಂದಾಕಿನಿ ಫಾರೆಸ್ಟ್ ಗಾರ್ಡ್ ಸಣ್ಣೀರಯ್ಯನಿಗೆ ಫೋನ್ ಮಾಡಿ, ಅವನು ಗುಡ್ಡ ಹತ್ತಿ ಬರುವವರೆಗೂ ನಿಂತಲ್ಲೇ ನಿಂತಿದ್ದಳು.

"ಮಾಟ ಮಾಡೋರಿಗೆ ಮಾರೋಕೆ ಹೊತ್ಕೊಂಡ್ ಹೋಗಿರ್ತಾರೆ ಮೇಡಂ. ಇನ್ನು ಸಿಗೋದು ಕಷ್ಟ," ಎಂದ ಅವನು. "ಈ ಗೂಡು ಇನ್ಯಾರಿಗೆ ಗೊತ್ತಿತ್ತು?"

"ನಾನು ಯಾರಿಗೂ ಹೇಳಿಲ್ಲಪ್ಪ. ಮನೇಲೂ ಹೇಳಿಲ್ಲ."

ಗೂಡಿನ ಕೆಳಗೆ, ಕಲ್ಲುಗಳ ನಡುವೆ ಹಸಿರು ಡಬ್ಬಿಯೊಂದು ಅವನ ಕಣ್ಣಿಗೆ ಬಿತ್ತು. "ಇದೇನಿದು?"

"ಅದು ನಂದೇ. ಒಂದು ಆಟ. ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನ ಆ್ಯಪ್‌ನಲ್ಲಿ ಹಾಕ್ತೀವಿ. ಜನ ಫೋನ್ ನೋಡ್ಕೊಂಡು ಹುಡುಕಿ ಬರ್ತಾರೆ. ಏನಾದ್ರೂ ತಗೊಂಡ್ರೆ ಬದಲಿಗೆ ಒಂದು ಇಟ್ಟು, ಒಳಗಿರೋ ಪುಸ್ತಕದಲ್ಲಿ ಬರೀಬೇಕು. ಅದು ನಿಯಮ."

"ಅಷ್ಟು ದೊಡ್ಡ ಗುಡ್ಡದಲ್ಲಿ ಇಲ್ಲೇ ಯಾಕಿಟ್ರಿ ಮೇಡಂ?"

"ಬಂದವರು ಮರಿಗಳನ್ನ ನೋಡಿ ಖುಷಿಪಡ್ಲಿ ಅಂತ..."

 ಸಣ್ಣೀರಯ್ಯ ಡಬ್ಬಿ ತೆರೆದ. ಗೋಲಿಗಳು, ಬಣ್ಣದ ಗುಂಡಿಗಳ ನಡುವೆ ಹೊಸದೊಂದು ಕೀಚೈನ್ ಇತ್ತು. ಪುಸ್ತಕದ ಕೊನೆಯ ಪುಟ ತಿರುವಿ, ಅದರಲ್ಲಿದ್ದುದನ್ನು ಅವನು ನಿಧಾನವಾಗಿ ಓದಿದ:

"ಮರಿ ಎರಡು ತಗೊಂಡಿದ್ದೀನಿ, ಬದಲಿಗೆ ಕೀಚೈನ್ ಇಟ್ಟಿದ್ದೀನಿ. ಜಾಗ ತೋರಿಸಿದ್ದಕ್ಕೆ ಥ್ಯಾಂಕ್ಸ್."