ಪಂಪಿನ ಡಬ್ಬಿಗೆ ನಂದಾದೀಪ

ಗದಗಿನಲ್ಲಿ ಹಿಮ ಬೀಳತೊಡಗಿ ಆರು ವರ್ಷವಾಗಿತ್ತು. ಪಂಪು ತಳ್ಳುವ ಬಿಸಿನೀರು ಗೋಡೆಯ ಕೊಳವೆಗಳಲ್ಲಿ ಹರಿದು ಎಲ್ಲರ ಮನೆಯನ್ನೂ ಬೆಚ್ಚಗಿಡುತ್ತಿತ್ತು. ನೀಲಗಂಗವ್ವನ ಮನೆ ಮಾತ್ರ ತಣ್ಣಗಿತ್ತು. ಒಳಗೆ ಬಾಣಂತಿ ಮೊಮ್ಮಗಳೂ ಹಸುಗೂಸೂ ನಡುಗುತ್ತಿದ್ದರು.

ಮೇಸ್ತ್ರಿ ಫಕೀರಪ್ಪ ಬಂದು, ದೇವರ ಜಗಲಿಯ ಮೇಲೆ ಗೋಡೆಗಿದ್ದ, ಪಂಪು ನಡೆಸುವ ಡಬ್ಬಿಯನ್ನು ನೋಡಿದ. ಅವ್ವ ಅದಕ್ಕೆ ವಿಭೂತಿ ಬಳಿದು, ಕೆಳಗೆ ನಂದಾದೀಪ ಇಟ್ಟಿದ್ದಳು.

“ಯವ್ವಾ, ದೀಪದ ಶಾಖಕ್ಕ ಮನಿಯೆಲ್ಲಾ ಬೆಚ್ಚಗೈತಿ ಅಂತ ತಿಳಿದು ಡಬ್ಬಿ ಪಂಪ್ ನಿಲ್ಲಿಸೈತಿ. ದೀಪ ಆರಸ್ರಿ.”

“ನಿನ್ನ ಬಾಯಾಗ ಮಣ್ಣ ಬೀಳ್ಲಿ!”

“ಹಂಗಾರ ಡಬ್ಬಿ ಕಿತ್ತು ಬ್ಯಾರೆ ಗ್ವಾಡಿಗೆ ಹಾಕ್ತೇನಿ.”

“ಪೂಜಿ ಆದ ದೇವರನ್ನ ಕೀಳ್ತಿ?”

ಅವ್ವ ಅಂಗಳದಿಂದ ತಂಬಿಗೆ ತುಂಬ ಹಿಮ ತಂದು, ಕಣ್ಣುಮುಚ್ಚಿ ಡಬ್ಬಿಯ ನೆತ್ತಿಗೆ ಸುರಿದಳು. ಪಂಪು ಗುರ್ರೆಂದಿತು. ಕೊಳವೆ ಬಿಸಿಯಾಯಿತು.

“ಕಾದ ದೇವರಿಗೆ ತಂಪು ಎರೀಬೇಕು,” ಎಂದಳು. “ಇಷ್ಟೂ ತಿಳೀಲಾರದ ನೀ ಮೇಸ್ತ್ರಿ ಹೆಂಗಾದ್ಯೋ?”